ಮೀಸೆ ಪಟಾಲಮ್ಮ

"ಕೈ ಒರೆಸ್ಕೊಂಡು ಮುಟ್ರೋ ಬೇವರ್ಸಿ ನನ್ಮಕ್ಳಾ! ನಿನ್ನೆವರ್ಗೂ ನಿಮ್ದು, ಇವತ್ತಿಂದ ಅದು ಸರ್ಕಾರದ್ದು."

ಪಟೇಲ ಮುನಿವೆಂಕಟಪ್ಪ ಹೀಗೆ ಕೂಗಿದ್ದು ಉಲ್ಲಾಳದ ಹೊಲಗೇರಿಯ ನಟ್ಟನಡುವೆ, ಜೀಪಿಗೆ ಒರಗಿಕೊಂಡು. ಅವನ ಕಾಲ ಬಳಿ ಅಂಗಾತ ಬಿದ್ದಿದ್ದಳು ಕೇರಿಯ ದೇವರು ಪಟಾಲಮ್ಮ, ಎದೆಮಟ್ಟದ ಕಲ್ಲು. ಹಿಂದಿನ ದಿನ ಅವನದೇ ಟ್ರ್ಯಾಕ್ಟರು ಸರಪಳಿ ಬಿಗಿದು, ಹಲ್ಲು ಕೀಳುವಂತೆ ಕಿತ್ತು ಬಿಸಾಕಿತ್ತು. ಅವನ ಲೇಔಟಿನ ಗೂಟಗಳು ಕೇರಿಯ ಬೇಲಿವರೆಗೂ ಬಂದು ನಿಂತಿದ್ದವು. ಇನ್ನು ಉಳಿದದ್ದು ಗುಡಿಸಲುಗಳು.

ಹಳೇ ಕಟ್ಟಡ, ಹಳೇ ಕಲ್ಲುಗಳ ಸರ್ಕಾರಿ ಸರ್ವೆಗೆ ಬಂದಿದ್ದ ಜಗನ್ನಾಥ ಮೂಗಿಗೆ ಕರ್ಚೀಫು ಹಿಡಿದೇ ಜೀಪಿಳಿದ. ಎಣ್ಣೆ, ಕುಂಕುಮ, ಕೋಳಿರಕ್ತ ಮೆತ್ತಿ ಕರಿದಾಗಿದ್ದ ಕಲ್ಲನ್ನು ಬೂಟಿನ ತುದಿಯಿಂದ ಕೆರೆದ.

"ವೀರಗಲ್ಲು. ದನ ಬಿಡಿಸೋಕೆ ಹೋಗಿ ಸತ್ತ ಯಾವನೋ ಗಂಡಸು. ನೀವೇನಂತೀರಿ ಇದನ್ನ?"

"ಪಟಾಲಮ್ಮ, ಸಾ," ಅಂದಳು ನರಸಮ್ಮ. ಕಲ್ಲಿಗೆ ದೀಪ ಹಚ್ಚುತ್ತಿದ್ದವಳು ಅವಳೇ, ಅವಳಿಗೆ ಮುಂಚೆ ಅವಳತ್ತೆ.

"ಅಮ್ಮನಾ? ಮೀಸೆ ಇದೆಯಲ್ಲೇ!"

ಪಟೇಲ ಹೊಟ್ಟೆ ಹಿಡಿದು ನಕ್ಕ, ಕೆಮ್ಮಿದ, ಕ್ಯಾಕರಿಸಿ ಉಗಿದ. ಉಗುಳು ಕಲ್ಲಿನ ಮೊಗದ ಮೇಲೇ ಬಿತ್ತು. ನರಸಮ್ಮ ಸೆರಗಿನಿಂದ ಒರೆಸಿದಳು.

"ನಮ್ಮಮ್ಮಂಗೆ ಮೀಸೇನೂ ಐತೆ, ಕತ್ತೀನೂ ಐತೆ. ಬೇಕಾಯ್ತದೆ ಸಾ."

ಅವಳ ಗಂಡ ಕೆಂಚಪ್ಪ ಕೈಮುಗಿದ. "ಇದ್ದ ಗುಂಡಿಯಾಗೇ ನಿಲ್ಲಿಸ್ಬಿಡ್ತೀವಿ ಸಾ."

"ಆಗಲ್ಲಯ್ಯ," ಅಂದ ಜಗನ್ನಾಥ. "ನಮ್ಮಲ್ಲಿ ಎರಡೇ ಜಾತಿ. ಸ್ಥಿರ, ಚರ. ನೆಟ್ಟು ನಿಂತಿದ್ರೆ ಸ್ಥಿರ. ಮೇಲಿಂದ ಆರ್ಡರ್ ಬರೋವರ್ಗೂ ಅದನ್ನೂ ಅಲ್ಲಾಡಿಸೋ ಹಾಗಿಲ್ಲ, ಸುತ್ತಲ ಜಾಗಾನೂ ಮುಟ್ಟೋ ಹಾಗಿಲ್ಲ. ಇದು ಬಿದ್ದಿದೆ. ನಾನು ನೋಡಿದಾಗ ಹೇಗಿತ್ತೋ ಹಾಗೆ. ಬಿದ್ದಿದ್ದು ಚರ, ಎತ್ತಿಸ್ಬೋದು."

"ಬೀಳ್ಸಿದ್ದು ಇವ್ರೇ ಅಲ್ವಾ ಸಾ?"

"ಬೀಳಿಸಿದೋರ ಹೆಸರು ಬರೆಯೋಕೆ ಕಾಲಂ ಇಲ್ಲಯ್ಯ."

ಕಲ್ಲಿನ ಎದೆಯ ಮೇಲೆ ಬಿಳಿ ಬಣ್ಣದಲ್ಲಿ 'ಚರ' ಎಂದು ಬರೆಸಿದ. ರಕ್ಷಣೆಗೆಂದು ಊರೊಳಗಿನ ಗುಡಿಯ ಅಂಗಳ ನಿಗದಿಯಾಯಿತು. ಕೇರಿಯವರ ನೆರಳೂ ಬೀಳದ ಅಂಗಳ. ಹೊರಬೇಕಾದವರು ಮಾತ್ರ ಕೇರಿಯವರೇ.

ಬೊಂಬು ಕಟ್ಟಿ ಹೊತ್ತರು. ಕೆಂಚಪ್ಪನ ಹೆಗಲು ಸುಲಿದು ಕೀವು ಬಂದ ಹುಣ್ಣಿನಂತೆ ಕೆಂಪಾಯಿತು. ಹಿಂದೆ ನರಸಮ್ಮ, ಒಂದು ಕೈಯಲ್ಲಿ ಹಾರೆ, ಕಂಕುಳಲ್ಲಿ ಹುಂಜ. ಅಮ್ಮ ಮನೆ ಬಿಟ್ಟರೆ ಇಳಿದ ನೆಲಕ್ಕೆ ರಕ್ತ ಬೀಳಲೇಬೇಕು. ಅದು ಕೇರಿಯ ಕಟ್ಟಳೆ.

ಗುಡಿ ಬಾಗಿಲಲ್ಲಿ ಅರ್ಚಕ ಗಂಜಲದ ಚೊಂಬು ಹಿಡಿದು ಕಾದಿದ್ದ.

"ನಿಲ್ಲಿ, ನಿಲ್ಲಿ! ಹೊಸ್ತಿಲು ದಾಟ್ಬೇಡಿ, ಅಲ್ಲೇ ಇಳಿಸ್ರಯ್ಯಾ. ಸೀಗೆಪುಡೀಲಿ ತಿಕ್ಕಿ ನಮ್ಮ ಹುಡುಗ್ರು ಒಳಗೆ ತಗೋತಾರೆ. ಥೂ, ಏನು ನಾತ!"

ಎರಚಿದ ಗಂಜಲ ಕೆಂಚಪ್ಪನ ಸುಲಿದ ಹೆಗಲಿಗೆ ಬಿತ್ತು. ಅವನು ಹಲ್ಲು ಕಚ್ಚಿದ.

"ನಾವು ದೀಪ ಹಚ್ಬೇಕಂದ್ರೆ, ಅಯ್ನೋರೇ?" ನರಸಮ್ಮ ಕೇಳಿದಳು.

"ಗೋಡೆ ಆಚೆಯಿಂದ ಕೈಮುಗಿ. ದೇವರಿಗೇನು ಕಾಣಲ್ವಾ?"

ಅವಳು ಗಂಡನ ಹೆಗಲು ನೋಡಿದಳು. ಕಲ್ಲಿನ ಮೇಲೆ ಹರಿಯುತ್ತಿದ್ದ ಉಚ್ಚೆ ನೋಡಿದಳು.

"ಅಲ್ಲೇ ಇಳ್ಸಿ ಅಂದ್ರಲ್ಲ. ಇಳ್ಸ್ರೋ ಇಲ್ಲೇ," ಎಂದವಳೇ ಹೊಸ್ತಿಲಿನ ಮುಂದೆಯೇ ಹಾರೆ ಇಕ್ಕಿದಳು.

ಮೊದಲು ಯಾರಿಗೂ ತಿಳಿಯಲಿಲ್ಲ. ಕೆಂಚಪ್ಪನಿಗೆ ತಿಳಿಯಿತು. ಹಾರೆ ಕಸಿದುಕೊಂಡ. ಎದುರು ಜಗುಲಿಯಲ್ಲಿ ಸರ್ವೆ ಸಾಹೇಬನ ಜೊತೆ ಕಾಫಿ ಕುಡಿಯುತ್ತಿದ್ದ ಪಟೇಲ ತಲೆಯೆತ್ತುವಷ್ಟರಲ್ಲಿ ಕಲ್ಲು ಗುಂಡಿಗಿಳಿದು ಬಾಗಿಲಿಗಡ್ಡ ನೆಟ್ಟಗೆ ನಿಂತಿತ್ತು. ಕೇರಿಯ ಗಂಡಸರು ಬುಡದ ಮಣ್ಣು ತುಳಿಯುತ್ತಿದ್ದರು.

"ಏಯ್ ಬೋಳಿಮುಂಡೆ! ಕೀಳ್ರೋ ಅದನ್ನ!" ಪಟೇಲ ಲೋಟ ಹಿಡಿದೇ ಓಡಿ ಬಂದ. ಊರವರು ಸುತ್ತ ಸೇರಿದರು. ಕೀಳಬೇಕಾದರೆ ಮುಟ್ಟಬೇಕು. ಮೈಲಿಗೆ ಕಲ್ಲು. ಒಬ್ಬರೂ ಮುಂದೆ ಬರಲಿಲ್ಲ.

ನರಸಮ್ಮ ಹುಂಜದ ಕತ್ತು ಹಲ್ಲಲ್ಲಿ ಕಚ್ಚಿ ಸೀಳಿದಳು. ಬಿಸಿ ರಕ್ತ ಬಿಳಿ ಅಕ್ಷರಗಳ ಮೇಲೆ ಇಳಿದು ಹೊಸ್ತಿಲಿಗೆ ಹರಿಯಿತು. ಬಾಯಿ ಒರೆಸಿಕೊಂಡು ಜಗನ್ನಾಥನ ಕಡೆ ತಿರುಗಿದಳು.

"ನೆಟ್ಟು ನಿಂತೈತೆ ಸಾ. ನೀವ್ ನೋಡ್ದಾಗ ಹೆಂಗೈತೋ ಹಂಗೆ. ಬರ್ಕಳಿ."

ಜಗನ್ನಾಥ ಕರ್ಚೀಫು ಮೂಗಿಗೊತ್ತಿಕೊಂಡ. ಒಳಗೆ ಸಿಕ್ಕಿಬಿದ್ದ ಅರ್ಚಕ ಪಂಚೆ ಮೇಲೆತ್ತಿಕೊಂಡು ಕಲ್ಲಿನ ಪಕ್ಕದ ಸಂದಿನಲ್ಲಿ ಹೊಟ್ಟೆ ತೂರಿಸಿ ನೋಡುತ್ತಿದ್ದ. ಪಟೇಲ ಟ್ರ್ಯಾಕ್ಟರಿಗೆ ಹೇಳಿ ಕಳಿಸಿದ.

ನರಸಮ್ಮ ಕಲ್ಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು. ಬೀದಿಯ ತುದಿಯಲ್ಲಿ ಸರಪಳಿಯ ಸದ್ದು ಕೇಳಿಸಿತು.