ಕಾವಲುಗಾರನ ಎಡಗೈ

"ನಿಜ ಹೇಳು, ಆ ಹಿಂಬಾಗಿಲು ನಿನ್ನ ಕಟ್ಟುಕಥೆ ತಾನೇ?"

ಅಕ್ಕ ಕೂತು ಕೇಳಲಿಲ್ಲ. ಪ್ರೂಫ್ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿ, ಅದರ ಸುತ್ತ ತಿರುಗುತ್ತಲೇ ಕೇಳಿದಳು. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಹಳೆಯ ಗಿರಣಿಯ ಬೆಂಕಿಯ ಬಗ್ಗೆ ಅವಳು ಬರೆದ ಪುಸ್ತಕ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಿತ್ತು. ಅದೇ ಬೆಂಕಿಯ ಮೇಲೆ ಕಾದಂಬರಿ ಬರೆದು ತಮ್ಮ ಆಗಲೇ ಹೆಸರು ಮಾಡಿದ್ದ.

ಬೆಂಕಿ ಬಿದ್ದಾಗ ಕಾವಲುಗಾರ ಬೀಗ ತೆಗೆಯದೆ ಓಡಿಹೋದ ಎಂದು ಊರೆಲ್ಲ ಆಡಿಕೊಂಡಿತ್ತು. ಕಾದಂಬರಿಯಲ್ಲಿ ಮಾತ್ರ ಅವನು ವಾಪಸು ಬಂದು, ಎಡಗೈಯಲ್ಲಿ ಕೀಲಿ ತಿರುಗಿಸಿ ಹಿಂಬಾಗಿಲು ತೆಗೆಯುತ್ತಾನೆ. ಈಗ ಅಕ್ಕ ಮಾತಾಡಿಸಿದ ಮುದುಕರೆಲ್ಲ ಅದನ್ನೇ ಕಣ್ಣಾರೆ ಕಂಡೆವೆಂದು ಹೇಳುತ್ತಿದ್ದರು.

"ಅಪ್ಪ ಹೇಳಿದ್ರು ಅನ್ಸುತ್ತೆ," ಎಂದ ತಮ್ಮ.

"ಅನ್ಸುತ್ತೆ ಅಂತ ಅಡಿಟಿಪ್ಪಣಿ ಹಾಕ್ಲಾ?"

"ಬಾಗಿಲು ಅಪ್ಪನದ್ದೇ ಇರಬಹುದು ಅಕ್ಕಾ. ಎಡಗೈ ಮಾತ್ರ ನನ್ನದು. ಬರೆಯೋವಾಗ ನನ್ನ ಬಲಗೈಗೆ ಪ್ಲಾಸ್ಟರ್ ಹಾಕಿದ್ರಲ್ಲ, ಆ ಸಿಟ್ಟಿಗೆ ಅವನನ್ನೂ ಎಡಚ ಮಾಡ್ಬಿಟ್ಟೆ."

ಅಕ್ಕ ನಿಂತುಬಿಟ್ಟಳು. "ಎಲ್ಲರೂ ಎಡಗೈ ಅಂದ್ರಲ್ಲೋ ಮಾರಾಯ! ಅವನು ನಿಜವಾಗಿ ಎಡಚ ಆಗಿರದಿದ್ರೆ, ಅವರೆಲ್ಲ ನೋಡಿದ್ದು ಬೆಂಕಿಯನ್ನಲ್ಲ, ನಿನ್ನ ಪುಸ್ತಕ."

"ಪಾಪ, ಅವನ ಹೆಸರಾದ್ರೂ ಉಳೀತಲ್ಲ."

"ಉಳಿಸೋದು ನಿನ್ನ ಕೆಲಸ. ನಂದು ಬೇರೆ. ಚಪ್ಪಲಿ ಹಾಕ್ಕೋ, ನಡಿ." ಅಕ್ಕ ಪ್ರೂಫ್ ಹಾಳೆಗಳನ್ನು ಎತ್ತಿಕೊಂಡಳು.

ಕಾವಲುಗಾರನ ಮಗಳು ಪಕ್ಕದ ಬೀದಿಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕಾದಂಬರಿ ಮುಟ್ಟಿದವಳಲ್ಲ. ಅವಳೊಬ್ಬಳ ಮಾತು ಗಟ್ಟಿಯಾದರೆ ಅಕ್ಕನ ಪುಸ್ತಕದಲ್ಲಿ ಹಿಂಬಾಗಿಲಿನ ಸಾಲು ಉಳಿಯುತ್ತದೆ, ಸಾಲು ಉಳಿದರೆ ಅವಳಪ್ಪನ ಮಾನವೂ. ತಮ್ಮನಿಗೆ ಕಾಲು ನಿಲ್ಲಲಿಲ್ಲ. ಅಕ್ಕನಿಗಿಂತ ಮುಂದೆ ಓಡುವುದು, ತಿರುಗಿ ಬರುವುದು.

"ಬನ್ನಿ ಸಾರ್!" ಹೊಲಿಗೆಯವಳು ಮೆಷಿನ್ ತುಳಿಯುತ್ತಲೇ ನಕ್ಕಳು. "ನಿಮ್ಮಿಂದಲೇ ನಾನು ತಲೆ ಎತ್ತಿ ಓಡಾಡೋ ಹಾಗಾಯ್ತು. ಬಂದೋರೆಲ್ಲ ಅಪ್ಪನ ಕಥೆ ಓದಿ ಹೇಳ್ತಾರೆ."

ಅಕ್ಕ ತಮ್ಮನ ಮುಖ ನೋಡಿದಳು.

"ನಿಮ್ಮಪ್ಪ ಯಾವ ಕೈಯಲ್ಲಿ ಕೆಲಸ ಮಾಡ್ತಿದ್ರಮ್ಮಾ?"

"ಎಡಗೈ. ಅದನ್ನೇನು ಕೇಳ್ತೀರಾ?"

ತಮ್ಮನಿಗೆ ಹೋದ ಜೀವ ಬಂದಂತಾಯಿತು. ಅಕ್ಕ ಬಿಡಲಿಲ್ಲ. "ಚಿಕ್ಕವರಿದ್ದಾಗ ನಿಮ್ಮ ತಲೆ ಬಾಚ್ತಿದ್ರಾ? ಅದೂ ಎಡಗೈಯಲ್ಲೇನಾ?"

ಮೆಷಿನ್ ನಿಂತಿತು. ಹೊಲಿಗೆಯವಳು ಮುಚ್ಚಿದ ಕತ್ತರಿಯನ್ನೇ ಬಾಚಣಿಗೆ ಮಾಡಿಕೊಂಡು, ಎದುರಿಗೆ ಇಲ್ಲದ ಮಗುವೊಂದರ ತಲೆ ಬಾಚಿದಳು. ಬಲಗೈಯಲ್ಲಿ. ತಡೆದು, ಎಡಗೈಗೆ ಬದಲಿಸಿದಳು. ಮತ್ತೆ ಬಲಕ್ಕೆ.

"ತಾಳಿ, ತಾಳಿ..."

ಕತ್ತರಿ ಆ ಕೈಯಿಂದ ಈ ಕೈಗೆ ಓಡಾಡುತ್ತಲೇ ಇತ್ತು. ಬಾಚಣಿಗೆಯ ಎಳೆತ ನೆತ್ತಿಗೆ ನೆನಪಿತ್ತೇನೋ, ಎಳೆದದ್ದು ಯಾವ ಕೈ ಎಂಬುದು ಮಾತ್ರ ಅಳಿಸಿಹೋಗಿತ್ತು. ಕೊನೆಗೆ ಅವಳು ತಮ್ಮನ ಕಡೆ ತಿರುಗಿದಳು, ಗಾಬರಿಯಿಂದ.

"ಬರೆದೋರು ನೀವಲ್ವಾ, ನೀವೇ ಹೇಳಿ ಸಾರ್. ಯಾವ ಕೈ?"

ಬೆನ್ನ ಹಿಂದೆ ಅಕ್ಕನ ಪೆನ್ನು ಹಾಳೆಯ ಮೇಲೆ ಆ ಸಾಲನ್ನು ಹೊಡೆದುಹಾಕಿದ ಸದ್ದು ಕೇಳಿಸಿತು. ತಮ್ಮ ಎರಡೂ ಕೈಗಳನ್ನು ಜೇಬಿನೊಳಗೆ ತುರುಕಿಕೊಂಡ.