ಮಣೂಕದ ನೀರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ. ನಮ್ಮ ಅತ್ತೆ ಲಕ್ಷ್ಮಿಬಾಯಿ ಇದ್ದಾಗ, "ತ್ರಿಶಲಾ ಮೂಗಿನ ತುದೀಗೆ ಸಿಟ್ಟು ಇಟ್ಕೊಂಡ ಹುಟ್ಯಾಳ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆದರೆ ಈ ವರ್ಷ ಈಸ್ಟರ್ ಹಬ್ಬದ ದಿನ ಬಂದದ್ದು ಮೂಗಿನ ತುದಿಯ ಸಿಟ್ಟಲ್ಲ. ಹೊಟ್ಟೆಯೊಳಗಿಂದ ಬಂದದ್ದು. ಇನ್ನೂ ಪೂರ್ತಿ ಇಳಿದಿಲ್ಲ.

ನಮ್ಮೂರು ಕಾಗವಾಡದ ಬದಿಗೆ, ಕೃಷ್ಣೆಯ ದಂಡೆಗೆ. ನಾವು ಜೈನರು, ದ್ರಾಕ್ಷಿಯವರು. ಹಣ್ಣು ಒಣಗಿಸುವ ಶೆಡ್ಡು ಮನೆಯ ಹಿಂದೆಯೇ ಇದೆ. ದ್ರಾಕ್ಷಿ ಒಣಗಿ ಮಣೂಕವಾದ ಮೇಲೆ ಕಡ್ಡಿ ಬೇರೆ, ಕಾಳು ಬೇರೆ ಮಾಡಲು ಹೆಣ್ಣಾಳುಗಳು ಬರುತ್ತಾರೆ. ಅವರಲ್ಲಿ ಮಾರ್ಥಾಬಾಯಿ ಎಲ್ಲರಿಗಿಂತ ಹಳಬಳು. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅವಳೂ ಶೆಡ್ಡಿಗೆ ಬಂದಳು. ಅವಳು ಕ್ರಿಶ್ಚಿಯನ್ ಪೈಕಿ. ಊರಾಚೆ ಬೇವಿನ ಮರದ ಹತ್ತಿರ ಅವರದೊಂದು ತಗಡಿನ ಮಾಡಿನ ಚರ್ಚು ಇದೆ.

ಬಂದ ಮೊದಲ ವರ್ಷವೇ ಅವಳು ನನ್ನ ಹತ್ತಿರ ಬೊಗಸೆ ಮಣೂಕ ಕೇಳಿದ್ದಳು.

"ನಮ್ಮ ದೇವರ ಹಬ್ಬಕ್ಕ ನೀರು ಮಾಡ್ತೀವ್ರಿ ಅಕ್ಕಾರ."

"ಹೆಂಗ ಮಾಡ್ತೀರಿ?"

"ಹೊಳಿ ನೀರಾಗ ರಾತ್ರಿ ನೆನಸಿಡೂದ್ರಿ. ಮುಂಜಾನೆ ಹಿಂಡಿ, ಎಲ್ಲಾರೂ ಒಂದೊಂದು ಗುಟುಕು ಕುಡಿಯೂದು."

ಸೋಸದ ನೀರು! ಅದರಲ್ಲಿ ಎಷ್ಟು ಜೀವಗಳೋ. ಅದರ ಮೇಲೆ ರಾತ್ರಿಯೆಲ್ಲ ನೆನೆಯಿಟ್ಟರೆ ಹುಳಿಯೇರಿ ಹೆಂಡದಂಥ ಸೆರೆಯಾಗುತ್ತದೆ. ನಮ್ಮ ಮನೆಯ ಮಣೂಕ ಸೆರೆಯಾದರೆ ಆ ಪಾಪ ಯಾರ ತಲೆಗೆ? "ಬ್ಯಾಡ ಬೇ, ನಾನ ಮಾಡಿ ಕೊಡ್ತೀನಿ" ಎಂದೆ. ಅಂದಿನಿಂದ ಅವರ ಹಬ್ಬದ ನೀರು ಮಾಡುವುದು ನನ್ನ ಕೆಲಸವೇ ಆಯಿತು. ಬಾವಿಯ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಹತ್ತಿದ ಜೀವಗಳು ಉಳಿಯಲೆಂದು ಅದನ್ನು ತಿರುಗಿ ಬಾವಿಯ ನೀರಿಗೇ ಜಾಲಾಡಿಸಿ, ಹಬ್ಬದ ದಿನ ಹೊತ್ತು ಮೂಡಿದ ಮೇಲೆಯೇ ಬಿಸಿನೀರಿನಲ್ಲಿ ಮಣೂಕ ಹಾಕಿ ನನ್ನ ಕೈಯಾರೆ ಹಿಂಡುತ್ತಿದ್ದೆ. ಮಾರ್ಥಾ ಹಿತ್ತಲ ಬಾಗಿಲಲ್ಲಿ ಹಾಲಿನ ಕಿಟ್ಲಿ ಹಿಡಿದು ನಿಂತು, ತುಂಬಿಸಿಕೊಂಡು ಹೋಗುತ್ತಿದ್ದಳು.

ಅದು ಏನಕ್ಕೆಂದು ನಾನು ಕೇಳಲಿಲ್ಲ. ಬಸದಿಯಲ್ಲಿ ನಾವು ಅಭಿಷೇಕದ ಗಂಧೋದಕ ಹಣೆಗೆ ಹಚ್ಚಿಕೊಳ್ಳುವ ಹಾಗೆ ಅವರದೂ ಒಂದು ತೀರ್ಥ ಇದ್ದೀತು ಎಂದುಕೊಂಡಿದ್ದೆ. ದೇವರು ಯಾರದಾದರೇನು, ನೀರು ಸೋಸಿದ್ದಿದ್ದರೆ ಸಾಕು ಎಂಬುದು ನನ್ನ ಲೆಕ್ಕ.

ಈ ವರ್ಷ ಹಬ್ಬದ ಹಿಂದಿನ ದಿನ ಮಾರ್ಥಾ ಶೆಡ್ಡಿನ ಮೆಟ್ಟಿಲು ಜಾರಿ ಕಾಲು ಉಳುಕಿಸಿಕೊಂಡಳು. ಅದಕ್ಕೇ ಕಿಟ್ಲಿ ನಾನೇ ಒಯ್ದೆ. ಅಷ್ಟು ದೂರ ಹೋದವಳು ಬಾಗಿಲಲ್ಲೇ ಇಟ್ಟು ಬರುವುದೇನು ಚಂದ ಎಂದು ಒಳಗೆ ಹೋಗಿ ಹಿಂದೆ ಜಮಖಾನೆಯ ಮೇಲೆ ಕುಳಿತೆ. ಕುಳಿತದ್ದೇ ತಪ್ಪಾಯಿತೋ, ಒಳ್ಳೆಯದೇ ಆಯಿತೋ, ನೀವೇ ಹೇಳಿ.

ಪಾಸ್ಟರ್ ಸುಧೀರ ಮಿರಜದ ಕಡೆಯ ಹುಡುಗ, ಮಾತು ಮೆತ್ತಗೆ. ಯೇಸು ಹುಟ್ಟಿದ್ದು ಯೆಹೂದಿ ಜನರಲ್ಲಿ ಎಂದ. ಆ ಜನ ಒಂದು ಕಾಲಕ್ಕೆ ಪರದೇಶದಲ್ಲಿ ಜೀತಕ್ಕಿದ್ದರಂತೆ. ಅಲ್ಲಿಂದ ಬಿಡುಗಡೆಯಾಗುವ ರಾತ್ರಿ ಕುರಿಮರಿ ಕಡಿದು ಅದರ ರಕ್ತವನ್ನು ಬಾಗಿಲಿಗೆ ಹಚ್ಚಿದರಂತೆ. ಆ ನೆನಪಿಗೆ ವರ್ಷವರ್ಷವೂ ಕುರಿಮರಿ ಕಡಿಯುತ್ತಿದ್ದರಂತೆ. ನನಗೆ ಅಲ್ಲಿಗೇ ಮೈ ಮುಳ್ಳೆದ್ದಿತು. ಆಮೇಲೆ ಅವನು ರೊಟ್ಟಿಯ ತುಣುಕು ಎತ್ತಿ ಇದು ಯೇಸುವಿನ ಶರೀರ ಎಂದ. ನನ್ನ ಕಿಟ್ಲಿಯಿಂದ ಲೋಟಕ್ಕೆ ಬಗ್ಗಿಸಿದ್ದನ್ನು ಎತ್ತಿ ಹಿಡಿದು, ಇದು ಅವನ ರಕ್ತ, ಎಲ್ಲರೂ ಕುಡಿಯಬೇಕು ಎಂದ.

ಹಿಟ್ಟಿನಲ್ಲಿ ಕೋಳಿ ಮಾಡಿ ಕಡಿದರೂ ಅದು ಕೋಳಿ ಕಡಿದ ಪಾಪವೇ ಎಂದು ನಮ್ಮ ಪ್ರವಚನಗಳಲ್ಲಿ ಚಿಕ್ಕಂದಿನಿಂದ ಕೇಳಿದವಳು ನಾನು. ಕತ್ತಿ ಬಿದ್ದದ್ದು ಹಿಟ್ಟಿಗೇ ಇರಬಹುದು, ಮನಸ್ಸು ಜೀವವನ್ನು ಕಡಿದಿರುತ್ತದೆ. ಹಾಗಾದರೆ ಇಷ್ಟು ವರ್ಷ ಈ ಕೈಯಿಂದ ನಾನು ಹಿಂಡಿದ್ದೇನು?

ಎದ್ದು ನಿಂತೆ. "ತಡೀರಿ. ಅದು ರಕ್ತ ಅಲ್ಲ. ನಾ ಮಾಡಿದ ಮಣೂಕದ ನೀರು."

ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಸುಧೀರ ನನ್ನನ್ನು ಸಮಾಧಾನ ಮಾಡಲು ನಕ್ಕ.

"ನೀರ ಐತ್ರಿ ಅಕ್ಕಾರ. ಬದಲಾಗಿಲ್ಲ. ನಾವು ಅದನ್ನ ರಕ್ತ ಅಂತ ನಂಬಿ ಕುಡೀತೀವಿ, ಅಷ್ಟ."

ಅಷ್ಟೇ ಅಂತೆ! ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ನಂಬಿ ಕುಡಿಯುವುದೇ ಅಲ್ಲವೇ ಪಾಪ? ಮುಂದೆ ಹೋಗಿ ಅವನ ಕೈಯಿಂದ ಲೋಟ ಇಸಕೊಂಡು ಕಿಟ್ಲಿಗೆ ಸುರುವಿಕೊಂಡು ಹೊರಗೆ ಬಂದೆ. ಯಾರೂ ತಡೆಯಲಿಲ್ಲ. ಹೊರಗೆ ಬಂದು ಚೆಲ್ಲಬೇಕೆಂದರೆ, ಎಲ್ಲಿ ಚೆಲ್ಲಲಿ? ಸಿಹಿ ನೀರು, ಇರುವೆ ಮುತ್ತುತ್ತವೆ, ತುಳಿದು ಸಾಯುತ್ತವೆ. ಸಿಟ್ಟಿನಲ್ಲಿ ಚೆಲ್ಲುವ ಸುಖವೂ ನನ್ನ ಹಣೆಯಲ್ಲಿ ಬರೆದಿಲ್ಲ. ಮನೆತನಕ ಹೊತ್ತು ತಂದು ಎಮ್ಮೆಯ ಬಾನಿಗೆ ಸುರಿದೆ.

ಊರಲ್ಲಿ ಸುದ್ದಿಗೆ ಕಾಲು ಬೇಕೇ? ಮಧ್ಯಾಹ್ನದ ಊಟ ಆಗುವುದರೊಳಗೆ ನನ್ನ ಭಾವ ಬಾಪುಸಾಹೇಬರು ಬಂದು ಕಟ್ಟೆಯ ಮೇಲೆ ಕುಳಿತರು. ಬಸದಿಯ ಪಂಚರಲ್ಲಿ ಅವರದೇ ಮಾತು. ನನ್ನ ಯಜಮಾನರು, ಅಭಿನಂದನ, ತಮ್ಮ ಈ ಅಣ್ಣನ ಮುಂದೆ ತುಟಿ ಬಿಚ್ಚುವವರಲ್ಲ. ಭಾವನವರ ಮುಖದಲ್ಲಿ ದುಃಖ ಇರಲಿಲ್ಲ. ಹಬ್ಬದ ಕಳೆ ಇತ್ತು.

"ಇದು ಮತಾಂತರದ ಆಟ ತ್ರಿಶಲಾ. ಜೈನರ ಹೆಣ್ಣುಮಗಳ ಕೈಲೆ ರಕ್ತ ಮಾಡಿಸ್ಯಾರ. ನಾಳೆ ಪೂಜಾ ಮುಗದ ಮ್ಯಾಲೆ ಎಲ್ಲಾರನ್ನೂ ಕರಸ್ತೀನಿ. ಅಥಣಿ ಕಡಿಂದ ಹುಡುಗೂರು ಬರತಾರ. ನೀ ಅಷ್ಟ ಹೇಳು, ನನಗ ಮೋಸ ಮಾಡಿದ್ರು ಅಂತ. ಮುಂದಿಂದು ನಮಗ ಬಿಡು. ಸಂಜೀಕ ಆ ಚರ್ಚಿಗೆ ಕೀಲಿ ಬೀಳ್ತೈತಿ."

"ಹೇಳ್ತೀನ್ರಿ" ಎಂದೆ. ಯಾಕೆ ಹೇಳಬಾರದು? ನನ್ನ ಮೈ ಇನ್ನೂ ಉರಿಯುತ್ತಿತ್ತು.

ಹೊತ್ತು ಇಳಿಯುವಾಗ ಮಾರ್ಥಾ ಕೋಲು ಊರಿಕೊಂಡು ಹಿತ್ತಲಿಗೆ ಬಂದಳು. ಬರುತ್ತಲೇ ಬಾನಿಯ ಹತ್ತಿರ ಬಿದ್ದಿದ್ದ ಕಿಟ್ಲಿ ನೋಡಿದಳು.

"ಎಮ್ಮಿಗೆ ಹಾಕೀರೇನ್ರಿ?"

"ಹಾಕೀನಿ. ಏನೀಗ?"

"ಏನಿಲ್ರಿ." ಅವಳು ಬಾನಿಯೊಳಗೆ ಇಣುಕಿದಳು. "ನಮ್ಮಜ್ಜ ಎಷ್ಟು ಕೋಣ ಕಡದಿದ್ನೋ. ಇವತ್ತ ಎಮ್ಮಿ ತಿರುಗಿ ಕುಡೀತು. ಚಲೋ ಆತು."

"ಒಗಟು ಹೇಳಬ್ಯಾಡ. ಇಷ್ಟು ವರ್ಷ ಯಾಕ ಮುಚ್ಚಿಟ್ಟಿ?"

"ನೀವು ಕೇಳಿದ್ರೇನ್ರಿ ಅಕ್ಕಾರ? ಈ ಬಾಗಲದಾಗ ನಾ ಎಷ್ಟು ವರ್ಷ ನಿಂತೀನಿ. ಒಂದು ದಿನ ಕೇಳಿದ್ರೇನ?"

ಅವಳು ಹೀಗೆ ನನಗೆ ತಿರುಗಿ ಮಾತಾಡಿದ್ದು ಅದೇ ಮೊದಲು. ನನಗೂ ರೇಗಿತು. ಅವಳು ನಿಲ್ಲಿಸಲಿಲ್ಲ. ಊರದೇವತೆಯ ಹಬ್ಬ ಬಂದರೆ ಕೋಣ ಕಡಿಯುವುದು ಅವಳ ಅಜ್ಜನ ಮನೆತನಕ್ಕೆ ಹೇರಿದ್ದ ಕೆಲಸ. ಒಲ್ಲೆ ಎಂದರೆ ಊರು ಬಿಡಬೇಕು. ಕಡಿದ ಮೇಲೆ ರಕ್ತದಲ್ಲಿ ಜೋಳ ಕಲಸಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಊರ ಸೀಮೆಯ ಸುತ್ತ ಚೆಲ್ಲಿ ಬರಬೇಕು. ಅದು ಮೈಮೇಲೆಲ್ಲ ಸೋರಿ ಒಣಗುತ್ತಿತ್ತು. ಮನೆಗೆ ಬಂದರೆ ಸ್ವಂತ ಮಕ್ಕಳೇ ಹೆದರಿ ಓಡುತ್ತಿದ್ದವು.

"ಒಮ್ಮೆ ಮಿರಜದಿಂದ ಒಬ್ಬ ಪಾದ್ರಿ ಬಂದ್ರಂತ್ರಿ. ದೇವರ ಮಗ ಎಲ್ಲಾರ ಸಲುವಾಗಿ ತನ್ನ ರಕ್ತ ಕೊಟ್ಟಾನ, ಇನ್ನ ಕುರಿ ಬ್ಯಾಡ, ಕೋಣ ಬ್ಯಾಡ, ಯಾರೂ ಏನೂ ಕಡೀಬಾರದು ಅಂದ್ರಂತ. ಅಜ್ಜ ಆವತ್ತ ಕತ್ತಿ ಒಯ್ದು ಹೊಳಿಗೆ ಒಗದ. ಆ ಲೋಟ ನಮಗ ಕಡಿಯೂ ರಕ್ತ ಅಲ್ರಿ. ಕಡಿಯೂದು ಮುಗೀತು ಅನ್ನೂ ರಕ್ತ."

"ಸುಳ್ಳು ಸಮಾಧಾನ ಅದು" ಎಂದೆ. ನಾನು ನಂಬಿದ್ದನ್ನು ನಾನು ಹೇಳಬೇಕಲ್ಲ. "ಒಬ್ಬರ ಕರ್ಮ ಇನ್ನೊಬ್ಬರು ತೊಳಿಯಾಕ ಬರಂಗಿಲ್ಲ. ತೀರ್ಥಂಕರರ ಕೈಲೇ ಆಗಂಗಿಲ್ಲ. ಅವರು ದಾರಿ ತೋರಿಸ್ತಾರ. ನಡಿಯೂದು ನಮ್ಮ ಕಾಲಿಂದನ."

"ಹಂಗಾದ್ರ ನಮ್ಮಜ್ಜನ ಕೈ ಯಾರು ತೊಳೀಬೇಕಿತ್ರಿ?"

ಅವಳು ಕಿಟ್ಲಿ ಎತ್ತಿಕೊಂಡು ಕುಂಟುತ್ತ ಹೋದಳು. ಭಾವನವರ ಕೀಲಿಯ ಸುದ್ದಿ ಅವಳಿಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಆದರೂ ಅದರ ಬಗ್ಗೆ ಒಂದು ಮಾತು ಬೇಡಿಕೊಳ್ಳಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಬಸದಿಗೆ ಹೊರಡುವ ಮೊದಲು ಜೋಳ ಹಸನು ಮಾಡಲು ಕುಳಿತೆ. ಮೊರದಲ್ಲಿ ಹುಳ ಕಂಡರೆ ಮೆಲ್ಲಗೆ ಎತ್ತಿ ಹೊರಗೆ ನೆರಳಿಗೆ ಬಿಡಬೇಕು. ಇದನ್ನು ಕಲಿಸಿದವರು ಅತ್ತೆ. ಕಲಿಸುತ್ತ ಕಲಿಸುತ್ತ ಅವರು ಹೇಳುತ್ತಿದ್ದ ಮಾತೊಂದು ನೆನಪಿಗೆ ಬಂತು, ಕೈಯಲ್ಲಿದ್ದ ಮೊರ ಕೆಳಗಿಟ್ಟುಬಿಟ್ಟೆ.

"ನಾ ಹೊಸದಾಗಿ ಬಂದಾಗ ಊರದೇವಿ ಹಬ್ಬಕ್ಕ ನಮ್ಮನಿ ಜೋಳನ ಹೋಗಬೇಕಿತ್ತು ನೋಡು. ಗೌಡಕಿ ಮನಿ ಅಲ್ಲಾ ನಮ್ದು. ಹುಳ ಇರಬಾರದಂತ ಎರಡೆರಡು ಸಲ ಹಸನ ಮಾಡಿ ಕೊಡ್ತಿದ್ದೆ. ಕೊಟ್ಟು ಬಾಗಲಾ ಹಾಕ್ಕೊಂಡು ಒಳಗ ಕುಂಡ್ರತಿದ್ವಿ, ಕಣ್ಣಿಗೆ ಬೀಳಬಾರದಂತ."

ಅತ್ತೆ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಹೆಮ್ಮೆಯಿಂದ ಕೇಳಿದ್ದೆ. ಆ ಜೋಳ ಏನಾಗುತ್ತಿತ್ತು ಎಂದು ಅವರು ಹೇಳಿರಲಿಲ್ಲ. ನಿನ್ನೆ ಮಾರ್ಥಾ ಹೇಳಿದ್ದಳು.

ಬಸದಿಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಬದಿಗೆ ಕೊರಳಿಗೆ ಶಾಲು ಸುತ್ತಿಕೊಂಡ ಪರಊರ ಹುಡುಗರು. ಭಾವನವರು ಅಹಿಂಸೆಯ ಮೇಲೆ ದೊಡ್ಡ ಭಾಷಣ ಮಾಡಿ, ಕೊನೆಗೆ ನನ್ನ ಕಡೆ ಕೈ ಮಾಡಿದರು.

"ಹೇಳು ತ್ರಿಶಲಾ. ನಿನಗ ಮೋಸ ಮಾಡಿದ್ರೋ ಇಲ್ಲೋ?"

"ಇಲ್ರಿ. ಅವರು ಮೋಸ ಮಾಡಿಲ್ಲ. ನಾ ಕೇಳಲಿಲ್ಲ, ಅವರು ಹೇಳಲಿಲ್ಲ."

ಭಾವನವರು ಕೆಮ್ಮಿದರು. "ನಿನ್ನ ಕೈಲೆ ರಕ್ತ—"

"ಅದರ ಮಾತಿಗೆ ಬರ್ತೀನ್ರಿ. ಆ ಕಿಟ್ಲ್ಯಾಗ ಇದ್ದದ್ದು ಮಣೂಕ. ಅದಕ್ಕ ನಾ ಸಿಟ್ಟಾಗೀನಿ, ಈಗೂ ಆಗೀನಿ. ಆದ್ರ ಈ ಊರ ಸೀಮೀ ಸುತ್ತ ಖರೇ ರಕ್ತ ಚೆಲ್ತಿದ್ರಲಾ, ಅದರಾಗಿನ ಜೋಳ ಯಾರ ಮನೀದ್ರಿ? ನಮ್ಮನೀದು. ಹುಳ ಸಾಯಬಾರದಂತ ಹಸನ ಮಾಡಿ ಕೊಟ್ಟ ಜೋಳ. ಕತ್ತಿ ಹಿಡದ ಕೈ ಮಾರ್ಥಾನ ಅಜ್ಜಂದು. ಕಡೀಲಿ ಅನ್ನೂ ಮನಸ್ಸು ಯಾರದು? ಹಿಟ್ಟಿನ ಕೋಳಿ ಕಡದ್ರ ಪಾಪ ಅಂತೀರಿ. ಕೋಣ ಕಡಸಿ ಬಾಗಲಾ ಹಾಕ್ಕೊಂಡ್ರ ಪುಣ್ಯೇನ್ರಿ?"

ಒಬ್ಬ ಮುದುಕರು ತಲೆ ಬಗ್ಗಿಸಿದರು. ಅವರಿಗೆ ಗೊತ್ತಿತ್ತು.

"ಅದು ಹಿಂದಿನ ಮಾತು" ಎಂದರು ಭಾವ, ಹಲ್ಲು ಕಚ್ಚಿ.

"ಕರ್ಮಕ್ಕ ಹಿಂದಿಂದು ಮುಂದಿಂದು ಅಂತ ಐತೇನ್ರಿ ಭಾವಾ? ಮಾಡಿದ್ದು ಬೆನ್ನು ಬಿಡಂಗಿಲ್ಲಂತ ಈಗರೆ ನೀವ ಹೇಳಿದ್ರಿ. ಆ ಚರ್ಚು ಕಟ್ಟಿದ ಮ್ಯಾಲೆ ಆ ಮನೆತನ ಒಂದು ಕೋಣ ಕಡದಿಲ್ಲ. ನಮ್ಮ ಭಾಷಣದಿಂದ ನಿಂತಿದ್ದಲ್ಲ ಅದು. ಕೀಲಿ ಹಾಕೂದಿದ್ರ ಮೊದಲ ನಮ್ಮ ಜೋಳದ ಹಗೇವಿಗೆ ಹಾಕ್ರಿ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಬಂದದ್ದು ಬೇರೆ ಕಥೆ ಕೇಳಲು. ಸ್ವಲ್ಪ ಹೊತ್ತಿಗೆ ಹೊರಗೆ ಗಾಡಿಗಳು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಕೀಲಿ ಭಾವನವರ ಕಿಸೆಯಲ್ಲೇ ಉಳಿಯಿತು. ಅವತ್ತಿನಿಂದ ಅವರು ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ತುಳಿಯದಿದ್ದರೆ ಅಷ್ಟು ಚಹಾ ಉಳಿಯಿತು.

ಮುಂದಿನ ರವಿವಾರ ಬೆಳಿಗ್ಗೆ ಮಾರ್ಥಾ ಖಾಲಿ ಕಿಟ್ಲಿ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಹಬ್ಬದ ದಿನ ತಪ್ಪಿಹೋದದ್ದನ್ನು ಅವರು ಆ ದಿನ ಮಾಡುವವರಿದ್ದರು.

"ಬೊಗಸಿ ಮಣೂಕ ಕೊಡ್ರಿ ಸಾಕು. ನಾವ ಮಾಡ್ಕೋತೀವ್ರಿ."

"ಹೊಳಿ ನೀರಾಗೇನ?"

ಅವಳು ಕಿಟ್ಲಿಯ ಮುಚ್ಚಳ ತಿರುವುತ್ತ ನಿಂತಳು.

"ಒಳಗ ಬಾ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. "ಅಡಗಿಮನಿಗೇನ್ರಿ?"

"ಮತ್ತ? ನಾ ಅಂತೂ ಇನ್ನ ಹಿಂಡಂಗಿಲ್ಲ. ನಿನಗ ಅದು ದೇವರು, ನನಗ ಅದು ಪಾಪ. ನನ್ನ ಮನಸ್ಸು ಒಪ್ಪಂಗಿಲ್ಲ, ಒಪ್ಪೂದೂ ಇಲ್ಲ. ಅದಕ್ಕ ನೀನ ಹಿಂಡು. ಆದ್ರ ಭಾಂಡೆ ನಂದು, ನೀರು ನಾ ಸೋಸಿದ್ದು. ಮಣೂಕ ನಮ್ಮನೀದು ಇರೂತನಕ ಅದರಾಗ ಒಂದು ಹುಳ ಸಾಯಾಕ ಬಿಡಂಗಿಲ್ಲ."

ಕೋಲು ಹೊರಗಿಟ್ಟು, ಗೋಡೆ ಹಿಡಿದು, ಅವಳು ಹೊಸ್ತಿಲು ದಾಟಿದಳು. ಇಷ್ಟು ವರ್ಷ ಕಿಟ್ಲಿ ತುಂಬಿಕೊಂಡವಳು ನಮ್ಮ ಒಲೆ ಯಾವ ಕಡೆಗಿದೆ ಎಂದು ನೋಡಿದ್ದು ಅಂದೇ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಡುವೆ ನಿಂತಳು. ಅದನ್ನು ನೋಡಿ ನನಗೆ ಅವಳ ಮೇಲಲ್ಲ, ಆ ಹೊಸ್ತಿಲಿನ ಮೇಲೆ ಸಿಟ್ಟು ಬಂತು.

"ಕೈ ಹಿಡಿ."

ಬಚ್ಚಲ ಕಲ್ಲಿನ ಮೇಲೆ ಅವಳು ಎರಡೂ ಕೈ ಚಾಚಿದಳು. ಮಣೂಕದ ಕಡ್ಡಿ ಚುಚ್ಚಿ ಚುಚ್ಚಿ ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ಸೋಸಿದ ನೀರಿನ ತಂಬಿಗೆ ಎತ್ತಿ ಹೊಯ್ದೆ. ಅವಳು ತಿಕ್ಕುತ್ತಲೇ ಇದ್ದಳು.

"ಸಾಕಲಾ" ಎಂದೆ.

"ಇನ್ನೊಂದೀಟು ಹಾಕ್ರಿ ಅಕ್ಕಾರ."

ಹಾಕಿದೆ.