ಮುಖವಿಲ್ಲದ ಮನುಷ್ಯ, ಬೆಲೆ ಒಂದು ರೂಪಾಯಿ

ಬೊಂಬಾಯಿಯ ಫೋರ್ಟಿನಲ್ಲಿದ್ದ ಪೂವಪ್ಪನವರ ಹೋಟೆಲಿನ ಗಲ್ಲಾದಲ್ಲಿ ಸದಾನಂದ ಕೂರಲು ಸುರುಮಾಡಿ ನಾಲ್ಕು ವರ್ಷವಾಗಿತ್ತು. ಹೆಂಡತಿ ಅಕ್ಕು, ಮಗಳು ವಿನೋದಿನಿ ಉಡುಪಿಯ ಹತ್ತಿರದ ಊರಲ್ಲೇ ಇದ್ದರು. ಅವನು ಹೊರಟಾಗ ಮೂರು ವರ್ಷದವಳಾಗಿದ್ದ ಮಗಳಿಗೆ ಈಗ ಏಳು. ನಡುವೆ ಅವನು ಊರಿಗೆ ಹೋದದ್ದು ಒಂದೇ ಸಲ, ತಂದೆ ತೀರಿಕೊಂಡಾಗ, ಎರಡು ದಿನದ ಮಟ್ಟಿಗೆ.

ಪತ್ರದಲ್ಲಿ ಅವನು ಬೊಂಬಾಯಿಯ ಸುದ್ದಿ ಬರೆದರೆ, ವಿನೋದಿನಿ ಅದನ್ನು ತನಗೆ ತೋಚಿದ ಹಾಗೆ ಚಿತ್ರ ಮಾಡಿ ಕಳುಹಿಸುತ್ತಿದ್ದಳು. ಲೋಕಲ್ ರೈಲಿಗೆ ಜರಿಹುಳುವಿನಂತೆ ಸಾಲು ಕಾಲು. ಎರಡು ಮಾಳಿಗೆಯ ಬಸ್ಸಿನಲ್ಲಿ ಮೇಲೆ ಕುಳಿತ ಎಮ್ಮೆ.

ರಜೆಯ ದಿನ ಸದಾನಂದ ಹತ್ತಿರದ ಚಿತ್ರಪ್ರದರ್ಶನಕ್ಕೆ ಹೋಗಿ, ಚಿತ್ರಗಳ ಪಕ್ಕದಲ್ಲಿ ಅಂಟಿಸಿದ್ದ ಗಂಭೀರ ಒಕ್ಕಣೆಗಳನ್ನು ಓದಿ ಬಂದಿದ್ದ. ಮಗಳ ಚಿತ್ರಗಳನ್ನು ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿ ತಾನೂ ಹಾಗೆಯೇ ಬರೆದ. 'ಓಡುವ ರೈಲು. ಕಲಾವಿದೆ ರೈಲನ್ನೇ ಕಾಣದಿರುವುದರಿಂದ ಕೃತಿಗೆ ಇಷ್ಟು ವೇಗ ದಕ್ಕಿದೆ. ನಾಲ್ಕಾಣೆ.' 'ಮೇಲ್ಮಾಳಿಗೆಯ ಮಹಿಷಿ. ಕಲಾವಿದೆಯ ಕಪ್ಪು ಕಾಲಘಟ್ಟದ ಕೃತಿ. ಉಳಿದ ಪೆನ್ಸಿಲುಗಳು ಮುಗಿದಿದ್ದವು.'

ಗಿರಾಕಿಗಳು ಓದಿ ನಕ್ಕರು, ಕೆಲವರು ಕೊಂಡರು. ಬಂದ ಹಣದಲ್ಲಿ ಅವನು ಮಗಳಿಗೆ ಬಣ್ಣದ ಪೆನ್ಸಿಲು ಕಳುಹಿಸಿದ. ಚಿತ್ರದ ನೆವದಲ್ಲಿ ಯಾರಾದರೂ ಅವಳನ್ನು ವಿಚಾರಿಸಿದರೆ, ಆ ದಿನವೆಲ್ಲ ಅವನಿಗೆ ಅವಳದೇ ಧ್ಯಾನ.

ಒಂದು ದಿನ ಬಂದ ಚಿತ್ರದಲ್ಲಿ ಕೊಡೆ ಹಿಡಿದ ಒಬ್ಬ ಮನುಷ್ಯನಿದ್ದ. ಅಂಗಿಯ ಗುಂಡಿ, ಬಾಚಿ ತೆಗೆದ ಬೈತಲೆ ಎಲ್ಲ ಇತ್ತು. ಮುಖ ಮಾತ್ರ ಖಾಲಿ. ಯಾರೋ ಬೊಂಬಾಯಿಯವನೆಂದುಕೊಂಡು ಸದಾನಂದ ಬರೆದ: 'ಮುಖವನ್ನು ನೋಡುವವರೇ ತುಂಬಿಕೊಳ್ಳತಕ್ಕದ್ದು. ಒಂದು ರೂಪಾಯಿ.' ದಿನಾ ಕಾಫಿಗೆ ಬರುತ್ತಿದ್ದ ಧಾರವಾಡದ ಕಡೆಯ ಗುಮಾಸ್ತ ದಾನಪ್ಪ ಆವತ್ತೇ ಕೊಂಡುಹೋದರು.

ವಾರದ ಮೇಲೆ ಅಕ್ಕುವಿನ ಪತ್ರ ಬಂತು. "ಹೋದ ಸಲದ್ದು ನಿಮ್ಮದೇ ಚಿತ್ರ. ಮುಖ ಹೇಗುಂಟೆಂದು ನನ್ನನ್ನು ಕೇಳಿದಳು. ಎಷ್ಟು ಹೇಳಿದರೂ ಅವಳಿಗೆ ಗೊತ್ತಾಗಲಿಲ್ಲ. ಅಪ್ಪನೇ ಬರೆದು ಕಳಿಸಲಿ ಅಂದಳು."

ಅವನು ಪತ್ರವನ್ನು ಎರಡನೆಯ ಸಲ ಓದಲಾರದೆ ಮಡಚಿಟ್ಟ.

ಭಾನುವಾರ ಬೊರಿವಲಿಗೆ ಹೋಗಿ ದಾನಪ್ಪನವರ ಮನೆ ಹುಡುಕಿದ. ಚಿತ್ರ ಗಾಜು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಅದು ತನಗೆ ವಾಪಸು ಬೇಕೆಂದು ಒಂದು ರೂಪಾಯಿ ಮುಂದೆ ಹಿಡಿದು, ಪತ್ರದ ವಿಷಯವನ್ನು ತಡವರಿಸುತ್ತ ಹೇಳಿದ. ದಾನಪ್ಪ ದುಡ್ಡು ಮುಟ್ಟಲಿಲ್ಲ. ಎದ್ದು ಚಿತ್ರ ಇಳಿಸಿದರು. ಅವರ ಹೆಂಡತಿ ರಾಚವ್ವ ಅದನ್ನು ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು.

"ಮುಖಾ ಬರದು ಕಳಸೂದಲ್ರಿ ಅಣ್ಣಾರ," ಎಂದಳು. "ಮುಖಾನ ತಗೊಂಡು ಹೋಗ್ರಿ."

ಗಿರಾಕಿ ಹೆಚ್ಚುವ ಸೀಸನ್ನಿನಲ್ಲಿ ರಜೆಯೇ ಎಂದು ಪೂವಪ್ಪ ಗೊಣಗಿದರು. ಕಡೆಗೆ ಹತ್ತು ದಿನ ಕೊಟ್ಟರು.

ಊರಿನ ಮನೆಯಲ್ಲಿ ವಿನೋದಿನಿ ಅವನನ್ನು ನೆಂಟರನ್ನು ಕರೆಯುವಂತೆ 'ನೀವು' ಎಂದಳು. ಮೂರು ದಿನ ಹತ್ತಿರ ಸುಳಿಯಲಿಲ್ಲ. ನಾಲ್ಕನೆಯ ದಿನ ಜಗಲಿಯಲ್ಲಿ ಅವನ ಎದುರು, ಅವನು ತಂದಿದ್ದ ಆ ಮುಖವಿಲ್ಲದ ಚಿತ್ರ ಹಿಡಿದು ಕೂತು, ಅಲುಗಾಡಬಾರದೆಂದಳು. ಮೂಗಿನ ಮೇಲೆ ನೊಣ ಕೂತರೂ ಅವನು ಮಧ್ಯಾಹ್ನದವರೆಗೆ ಅಲುಗಾಡಲಿಲ್ಲ. ಆಮೇಲೆ ಅವಳು ಅವನ ಬೆನ್ನು ಬಿಡಲಿಲ್ಲ.

ಹೊರಡುವ ಬೆಳಿಗ್ಗೆ, ಮಗು ಏಳುವ ಮೊದಲೇ ಹೋಗಿಬಿಡಿ ಎಂದು ಅಕ್ಕು ಹೇಳಿದಳು. ಅವನು ಒಪ್ಪದೆ ಮಗಳನ್ನು ಎಬ್ಬಿಸಿದ. ಅವಳು ಅಳಲಿಲ್ಲ. ಬಸ್ಸಿನವರೆಗೂ ಅವನ ಕಿರುಬೆರಳು ಹಿಡಿದು ನಡೆದಳು. ಅವನು ಹತ್ತಿ ಕೂತ ಮೇಲೆ ಕಿಟಕಿಯ ಕೆಳಗೆ ನಿಂತು ಕೇಳಿದಳು.

"ಇನ್ನು ಯಾವಾಗ ಬರ್ತೀ?"

ಬೊಂಬಾಯಿಯ ಆಂಟಾಪ್ ಹಿಲ್ಲಿನಲ್ಲಿ ಒಂದು ಬಾಡಿಗೆ ಖೋಲಿ ಹುಡುಕುತ್ತೇನೆ, ನೀನೂ ಅಮ್ಮನೂ ಅಲ್ಲಿಗೇ ಬನ್ನಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು. ಕಿಟಕಿಯಿಂದ ಬಗ್ಗಿ ಹೇಳಿಯೂ ಹೇಳಿದ. ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.